ಟಿಪ್ಸ್ ಡಬ್ಬಿಯ ಲೆಕ್ಕ

ಅದೊಂದು ಹಳೇ ಡಾಲ್ಡಾ ಡಬ್ಬಿ. ಹಳದಿ ಬಣ್ಣ ಅಲ್ಲಲ್ಲಿ ಎದ್ದುಹೋಗಿ ತಗಡು ಕಾಣುತ್ತಿತ್ತು. ಮುಚ್ಚಳದ ನಡುವೆ ಉಳಿ ಇಟ್ಟು ಬಡಿದು ಮಾಡಿದ ಸೀಳು. ಬಡಿದ ಏಟಿಗೆ ಅಂಚು ಒಳಕ್ಕೆ ಬಾಗಿದ್ದರಿಂದ ದುಡ್ಡು ಹಾಕುವ ಕೈಗೆ ಏನೂ ಆಗುತ್ತಿರಲಿಲ್ಲ, ತೆಗೆಯುವ ಕೈಯನ್ನು ಮಾತ್ರ ಕುಯ್ಯುತ್ತಿತ್ತು. ಮುಂಬಯಿಯ ದಾದರ್ ಸ್ಟೇಷನ್ನಿನ ಹೊರಗಿದ್ದ ಒಂದು ಉಡುಪಿ ಹೋಟೆಲಿನ ಗಲ್ಲಾದ ಮೇಲೆ, ಸೋಂಪಿನ ತಟ್ಟೆಯ ಹಿಂದೆ ಅದರ ಜಾಗ. ಗಿರಾಕಿಗಳು ಬಿಟ್ಟುಹೋದ ಟಿಪ್ಸನ್ನೆಲ್ಲ ಹದಿನಾಲ್ಕು ಮಂದಿ ಸಪ್ಲೈಯರ್, ಕ್ಲೀನರ್ ಹುಡುಗರು ಅದರೊಳಗೆ ಹಾಕಬೇಕು, ತಿಂಗಳ ಕೊನೆಗೆ ಎಲ್ಲರ ಎದುರು ಸುರಿದು ಸಮನಾಗಿ ಹಂಚಬೇಕು ಅಂತ ಕಟ್ಟಳೆ. ಗಲ್ಲಾದಲ್ಲಿ ಕೂರುತ್ತಿದ್ದವನು ನಾನು.

1995ರ ಜುಲೈಯಿಂದ 1996ರ ಆಗಸ್ಟ್‌ವರೆಗೆ ಹದಿನಾಲ್ಕು ತಿಂಗಳು ನಾನು ಆ ಡಬ್ಬಿಯಿಂದ ಕದ್ದೆ. ಮುಚ್ಚಳ ತೆಗೆದರೆ ಸದ್ದಾಗುತ್ತದೆ. ಹಾಗಾಗಿ ಮಧ್ಯಾಹ್ನ ಮೂರರ ಹೊತ್ತಿಗೆ, ಊಟದ ಗಿರಾಕಿ ಮುಗಿದು ಚಹಾದ ಗಿರಾಕಿ ಶುರುವಾಗುವ ಮೊದಲು, ಡಬ್ಬಿಯನ್ನು ತೊಡೆಯ ಮೇಲೆ ಬಾಗಿಸಿ ಸೀಳಿನಿಂದ ಎರಡು ಬೆರಳಲ್ಲಿ ನೋಟು ಎಳೆಯುತ್ತಿದ್ದೆ. ಹತ್ತರದ್ದು ಎರಡು, ಐದರದ್ದು ಒಂದು. ತೋರುಬೆರಳಿನ ಉಗುರಿನ ಬುಡದ ಗಾಯ ಮಾಗಿದ್ದೇ ಇಲ್ಲ. ಹೆಂಡತಿ ಅರಿಸಿನ ಹಚ್ಚುತ್ತಾ ಕೇಳಿದರೆ ‘ಬಿಲ್ಲು ಚುಚ್ಚುವ ಕಂಬಿ ತಾಗಿತು’ ಅನ್ನುತ್ತಿದ್ದೆ. 2,200 ರೂಪಾಯಿ ಸಂಬಳ, ಡೊಂಬಿವಲಿಯಲ್ಲಿ ಒಂದು ಕೋಣೆ, ಡಬ್ಬಿ ಹಾಲು ಕುಡಿಯುವ ಮಗು. ನೆಪಗಳಿಗೇನು ಬರ? ಹದಿನಾಲ್ಕು ಮಂದಿಗೆ ಹಂಚಿಹೋದರೆ ಒಬ್ಬೊಬ್ಬನಿಗೆ ದಿನಕ್ಕೆ ಎರಡು ರೂಪಾಯಿಯೂ ನಷ್ಟವಿಲ್ಲ ಅಂತ ಲೆಕ್ಕವನ್ನೂ ಹಾಕಿಟ್ಟಿದ್ದೆ. ಕಳ್ಳನಿಗೆ ಬರುವ ಗಣಿತ ಭಾಗಾಕಾರ ಒಂದೇ.

ಡಬ್ಬಿ ಹಗುರಾಗುತ್ತಿದೆ ಅಂತ ಹುಡುಗರಲ್ಲಿ ಗುಸುಗುಸು ಶುರುವಾಯಿತು. ಆಗಸ್ಟ್ ಕೊನೆಗೆ ಧಣಿಗಳ ಕಿವಿಗೂ ಬಿತ್ತು. ‘ಯಾರು ಅಂತ ನೋಡು ಮಾರಾಯ’ ಎಂದು ಅವರು ನನಗೇ ಹೇಳಿದರು. ಆ ರಾತ್ರಿ ಬಾಗಿಲು ಎಳೆದ ಮೇಲೆ ಹುಡುಗರ ಟ್ರಂಕುಗಳನ್ನು ಒಂದೊಂದಾಗಿ ತೆಗೆಸಿದೆ. ಕುಂದಾಪುರದ ಕಡೆಯ ಒಬ್ಬ ಮಾಣಿ, ಹದಿನೇಳು ವರ್ಷ, ಮೇಜು ಒರೆಸುವ ಕೆಲಸ. ಸಂಜೆ ಆರಕ್ಕೆ ಕೆಲಸ ಬಿಟ್ಟು ಫೋರ್ಟ್ ಕಡೆಯ ಕನ್ನಡ ರಾತ್ರಿ ಶಾಲೆಗೆ ಓಡುತ್ತಿದ್ದ. ಹೋಟೆಲ್ ಹುಡುಗರು ರಾತ್ರಿ ಶಾಲೆಯಲ್ಲಿ ಕಲಿತು ಬ್ಯಾಂಕು, ಕಚೇರಿ ಸೇರಿದ್ದು ಈ ಊರಿನಲ್ಲಿ ಹೊಸ ಸಂಗತಿಯೇನಲ್ಲ, ಅವನಿಗೂ ಅದೇ ಆಸೆ. ಒಂಬತ್ತನೇ ತರಗತಿಯ ಭೂಗೋಳ ಪುಸ್ತಕದ ನಡುವೆ 420 ರೂಪಾಯಿ ಸಿಕ್ಕಿತು, ಎಲ್ಲ ಹತ್ತರ ನೋಟು. ಸಂಬಳದಲ್ಲಿ ಉಳಿಸಿದ್ದು, ಮುಂದಿನ ವರ್ಷದ ಎಸ್ಸೆಸ್ಸಿ ಫೀಸಿಗೆ ಅಂದ. ನಾನು ಅವನ ಹೆಗಲ ಮೇಲೆ ಕೈ ಇಟ್ಟು, ಎಷ್ಟು ಮೆತ್ತಗೆ ಹೇಳಿದೆನೆಂದರೆ ಈಗಲೂ ಆ ದನಿ ನನಗೆ ಕೇಳುತ್ತದೆ: ‘ತೆಗೆದಿದ್ದರೆ ಹೇಳಿಬಿಡು. ಯಾರೂ ಏನೂ ಮಾಡುವುದಿಲ್ಲ.’

ಮರುದಿನ ಬೆಳಿಗ್ಗೆ ಅವನನ್ನು ಕಳಿಸಿಬಿಟ್ಟರು. ಆ 420 ರೂಪಾಯಿಯನ್ನು ನಾನೇ ಡಬ್ಬಿಗೆ ಹಾಕಿದೆ, ಎಲ್ಲರೆದುರು.

ಇನ್ನು ನನ್ನ ವಿಷಯ. ನಮ್ಮದು ಉಡುಪಿ ಕಡೆಯ ಬಾಸೆಲ್ ಮಿಶನ್ ಮನೆತನ, ಅಂದರೆ ಪ್ರೊಟೆಸ್ಟಂಟ್ ಕ್ರೈಸ್ತರು. ಅಜ್ಜ ಮಲ್ಪೆಯ ಹಂಚಿನ ಕಾರ್ಖಾನೆಯಲ್ಲಿದ್ದವರು. ಮನೆಯಲ್ಲಿ ತುಳು, ದೇವರ ಹತ್ತಿರ ಕನ್ನಡ, ಕೀರ್ತನೆಗೆ ಜರ್ಮನ್ ರಾಗ. ಮುಂಬಯಿಯಲ್ಲೂ ಕನ್ನಡ ಸಭೆಯೊಂದಕ್ಕೆ ಹೋಗುತ್ತೇವೆ. ಸ್ವಂತ ಕಟ್ಟಡವಿಲ್ಲ, ಬೇರೆಯವರ ಚರ್ಚಿನಲ್ಲಿ ಅವರ ಆರಾಧನೆ ಮುಗಿದ ಮೇಲೆ ನಮ್ಮದು. ಅವರ ಹೂವು ಬಾಡುವ ಹೊತ್ತಿಗೆ ನಮ್ಮ ಹಾಡು ಶುರು. ಕದಿಯುತ್ತಿದ್ದ ಹದಿನಾಲ್ಕು ತಿಂಗಳಲ್ಲಿ ಒಂದು ಭಾನುವಾರವೂ ತಪ್ಪಿಸಿದವನಲ್ಲ ನಾನು. ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೂ ಎದ್ದು ಹೋಗುತ್ತಿದ್ದೆ, ಬೆರಳಿಗೆ ಪಟ್ಟಿ ಕಟ್ಟಿಕೊಂಡು.

ಪಶ್ಚಾತ್ತಾಪ ಪಡಲಿಲ್ಲವೇ ಎಂದರೆ, ಪಟ್ಟೆ. ಎರಡು ಸಲ ಪಟ್ಟೆ. ಆ ಎರಡರ ಬಗ್ಗೆ ಮೊದಲು ಹೇಳಬೇಕು.

ಮೊದಲನೆಯದು 2003ರಲ್ಲಿ, ಒಂದು ಉಜ್ಜೀವನ ಕೂಟದಲ್ಲಿ. ಪ್ರಸಂಗಿಗಳು ‘ಭಾರ ಹೊತ್ತವರು ಮುಂದೆ ಬನ್ನಿ’ ಅಂದಾಗ ಕಾಲು ತಾನಾಗಿ ಎದ್ದಿತು. ಮೊಣಕಾಲೂರಿ ಅತ್ತೆ. ಅಂಗಿ ನೆನೆಯುವಷ್ಟು ಅತ್ತೆ, ಸುಳ್ಳು ಅಳುವಲ್ಲ ಅದು. ಹೊರಗೆ ಬಂದಾಗ ಮೈ ಹಗುರ, ಲೋಕಲ್ ಟ್ರೇನಿನ ನೂಕಾಟವೂ ಪ್ರೀತಿಯೆನಿಸಿತು. ಎರಡು ವಾರ ಹಾಗೇ ಇದ್ದೆ. ಆಮೇಲೆ ದೇವರು ನನ್ನನ್ನು ಹೇಗೆ ಬದಲಾಯಿಸಿದ ಅಂತ ಸಭೆಯಲ್ಲಿ ಸಾಕ್ಷಿ ಹೇಳಲು ಕರೆದರು. ‘ನಾನು ಮಹಾಪಾಪಿ, ಕಳ್ಳನಿಗಿಂತ ಕಡೆ’ ಎಂದು ಶುರುಮಾಡಿದರೆ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸುತ್ತಿದ್ದರು. ಮಾತು ಬಲ್ಲವನು ಎಂಬ ಹೆಸರು ಬಂತು. ಬೇರೆ ಸಭೆಗಳಿಗೂ ಕರೆಯತೊಡಗಿದರು. ಅಡಗಿಕೊಳ್ಳಲು ‘ನಾನು ಮಹಾಪಾಪಿ’ ಎಂಬ ಮಾತಿಗಿಂತ ಒಳ್ಳೆಯ ಜಾಗ ಇಲ್ಲ. ಯಾವ ಪಾಪ, ಯಾರ ಮೇಲೆ, ಎಷ್ಟು ಅಂತ ಯಾರೂ ಕೇಳುವುದಿಲ್ಲ. ಆ ಮಾಣಿಯ ಮುಖ ಆ ಸಾಕ್ಷಿಯೊಳಗೆ ಒಮ್ಮೆಯೂ ಬರಲಿಲ್ಲ.

ಎರಡನೆಯದು 2005ರ ಜುಲೈ 26. ಮುಂಬಯಿಯಲ್ಲಿದ್ದವರಿಗೆ ಆ ತಾರೀಕು ವಿವರಿಸಬೇಕಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಸಾಯನ್ ಹತ್ತಿರ ಎದೆಮಟ್ಟದ ನೀರಿನಲ್ಲಿ, ರಾತ್ರಿ, ಯಾರದೋ ಗೇಟಿನ ಸರಳು ಹಿಡಿದು ನಿಂತಿದ್ದೆ. ಆಗ ಹುಡುಗ ನೆನಪಾದ, ಹೆಸರು ಸಮೇತ. ‘ದೇವರೇ, ಬದುಕಿಸಿದರೆ ಅವನ ದುಡ್ಡು ಅವನಿಗೆ ಮುಟ್ಟಿಸುತ್ತೇನೆ’ ಅಂದೆ. ನೀರು ಇಳಿಯಿತು. ಚಪ್ಪಲಿ ಹೋಗಿತ್ತು, ಹೊಸ ಚಪ್ಪಲಿ ತೆಗೆದುಕೊಂಡೆ. ಮಾತು ಆ ಹಳೆ ಚಪ್ಪಲಿಯ ಜೊತೆಗೇ ಹೋಯಿತು.

2018ರ ಲೆಂಟ್ ಕಾಲ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು. ಅಷ್ಟರಲ್ಲಿ ನಾನು ಹೋಟೆಲ್ ಕೆಲಸ ಬಿಟ್ಟು ಒಂದು ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದೆ, ಸಭೆಯಲ್ಲಿ ಹಿರಿಯನೂ ಆಗಿದ್ದೆ. ಒಂದು ಭಾನುವಾರ ಕಾಣಿಕೆ ಎಣಿಸಿದಾಗ ಬರೆದಿಟ್ಟದ್ದಕ್ಕಿಂತ 500 ಕಡಿಮೆ. ಚೀಲ ಹಿಡಿದಿದ್ದವನು ಕೆಲಸ ಹುಡುಕಿ ಊರಿಂದ ಹೊಸದಾಗಿ ಬಂದ ಹುಡುಗ. ಚರ್ಚಿನ ಪಕ್ಕದ ಕೋಣೆಯಾದ ವೆಸ್ಟ್ರಿಯಲ್ಲಿ ಅವನನ್ನು ಕೂರಿಸಿ ನಾವು ಮೂವರು ಹಿರಿಯರು ನಿಂತೆವು. ನಾನು ಅವನ ಹೆಗಲ ಮೇಲೆ ಕೈ ಇಟ್ಟೆ. ‘ತೆಗೆದಿದ್ದರೆ ಹೇಳಿಬಿಡು...’ ಎಂದೆ. ಮುಂದಿನ ವಾಕ್ಯ ಬಾಯಿಗೆ ಬಂದಿತ್ತು, ಗಂಟಲಿನಿಂದ ಹೊರಡಲಿಲ್ಲ. ಕೈ ತೆಗೆದೆ. ನೀರು ಬೇಕು ಅಂತ ಹೇಳಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಒಳಗೆ ಮತ್ತೊಮ್ಮೆ ಎಣಿಸಿದಾಗ ಎರಡು ನೋಟು ಅಂಟಿಕೊಂಡಿದ್ದು ಗೊತ್ತಾಯಿತಂತೆ. ಆ ಹುಡುಗ ನಗುತ್ತಾ ಹೊರಬಂದು ‘ಸಿಕ್ಕಿತು ಅಂಕಲ್’ ಅಂದ. ನಾನು ಅಳುತ್ತಿದ್ದೆ ಅಂತ ಓದುವವರಿಗೆ ಅನಿಸಬಹುದು. ಇಲ್ಲ. ಬಾಯಿ ಒಣಗಿತ್ತು, ಅಷ್ಟೆ.

ಆ ವಾರವೇ ಅಯ್ಯನವರ ಮನೆಗೆ ಹೋದೆ. ನಮ್ಮ ಸಭೆಯ ಪಾಸ್ಟರಾದ ಅಯ್ಯನವರು ಮಾತು ಕಡಿಮೆಯ ಮನುಷ್ಯ, ಉತ್ತರ ಕರ್ನಾಟಕದವರು. ಎಲ್ಲ ಹೇಳಿದೆ. ‘ಬರುವ ಭಾನುವಾರ ಸಭೆಯ ಮುಂದೆ ನಿಂತು ಒಪ್ಪಿಕೊಳ್ಳುತ್ತೇನೆ’ ಅಂತಲೂ ಹೇಳಿದೆ. ಅವರು ತಲೆ ಅಲ್ಲಾಡಿಸಿದರು.

‘ಬ್ಯಾಡ್ರಿ. ನೀವು ಚಲೋ ಮಾತಾಡ್ತೀರಿ. ಅಲ್ಲಿ ಹೇಳಿದ್ರ ಮಂದಿ ನಿಮ್ಮ ಕೈ ಹಿಡಿದು ಅಳ್ತಾರ. ಅದು ನಿಮಗ ಈಗ ವಿಷ.’

ಆಮೇಲೆ ಮೂರು ಪ್ರಶ್ನೆ ಕೇಳಿದರು. ಅವನ ಹೆಸರೇನು? ಎಷ್ಟು ದುಡ್ಡು? ಈಗ ಎಲ್ಲಿದ್ದಾನೆ? ಮೊದಲನೆಯದಕ್ಕೆ ಉತ್ತರ ಹೇಳಿದೆ. ಎರಡನೆಯದಕ್ಕೆ ‘ಸುಮಾರು’ ಅಂದೆ. ಮೂರನೆಯದಕ್ಕೆ ಗೊತ್ತಿಲ್ಲ ಅಂದೆ. ‘ಒಂದು ನೋಟ್‌ಬುಕ್ ತಗೊಂಡು ಬರ್ರಿ. ಪ್ರಾರ್ಥನಾ ಆಮ್ಯಾಲೆ ಮಾಡೂಣು’ ಅಂದರು. ದೇವರ ಸೇವಕರೊಬ್ಬರು ಪ್ರಾರ್ಥನೆಯನ್ನು ಮುಂದೂಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಳಗೊಳಗೇ ಸಿಟ್ಟೂ ಬಂತು.

ದಿನಕ್ಕೆ 25, ತಿಂಗಳಿಗೆ 26 ದಿನ, ಹದಿನಾಲ್ಕು ತಿಂಗಳು: 9,100 ರೂಪಾಯಿ. ಅದರ ಕೆಳಗೆ ಮಾಣಿಯ 420. ಬೈಬಲಿನ ಅರಣ್ಯಕಾಂಡ 5ನೇ ಅಧ್ಯಾಯದ ಪ್ರಕಾರ ತಪ್ಪು ಮಾಡಿದವನು ಅದನ್ನು ಅರಿಕೆ ಮಾಡಿ, ಪೂರ್ತಿ ಹಿಂದಿರುಗಿಸಿ, ಮೇಲೆ ಐದರಲ್ಲಿ ಒಂದು ಪಾಲು ಕೂಡಿಸಿ ಕೊಡಬೇಕು. ಹಾಗೆ ನೋಡಿದರೆ ಡಬ್ಬಿಯ ಬಾಬ್ತು 10,920. ಮೋಸದಿಂದ ತೆಗೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂತ ಯೇಸುವಿಗೆ ಹೇಳಿದ ಸುಂಕದವ ಜಕ್ಕಾಯನ ಲೆಕ್ಕ ಹಿಡಿದರೆ ನಾಲ್ಕರಷ್ಟು, 36,400. ಜಕ್ಕಾಯ ಆ ನಾಲ್ಕನ್ನು ಗಾಳಿಯಲ್ಲಿ ಹೇಳಿದ್ದಲ್ಲ. ಕುರಿ ಕದ್ದು ಕೊಯ್ದವನು ಅಥವಾ ಮಾರಿದವನು ಒಂದಕ್ಕೆ ನಾಲ್ಕು ಕೊಡಬೇಕು ಅಂತ ವಿಮೋಚನಕಾಂಡದಲ್ಲೇ ಇದೆ. ಪ್ರವಾದಿ ನಾತಾನನು ಶ್ರೀಮಂತ ಕಸಿದ ಬಡವನ ಕುರಿಮರಿಯ ಕತೆ ಹೇಳಿದಾಗ, ಅದು ತನ್ನದೇ ಪಾಪದ ಕತೆ ಎಂದು ತಿಳಿಯದೆ ದಾವೀದ ರಾಜ ಸಿಟ್ಟಿನಿಂದ ವಿಧಿಸಿದ ದಂಡವೂ ಅದೇ ನಾಲ್ಕರಷ್ಟು. ‘ಆ ಮನುಷ್ಯ ನೀನೇ’ ಎಂಬ ಮಾತು ಬಂದದ್ದು ಆಮೇಲೆ. ವೆಸ್ಟ್ರಿಯಲ್ಲಿ ನನಗೆ ಆ ಮಾತು ಹೇಳಲು ನಾತಾನ ಬೇಕಾಗಲಿಲ್ಲ, ನನ್ನ ಕೈಯೇ ಸಾಕಾಯಿತು.

36,400 ನೋಡಿ ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ. ಇಷ್ಟು ಕೊಟ್ಟರೆ ಮುಗಿಯಿತಲ್ಲ ಅನಿಸಿತು. ಅಯ್ಯನವರು ನೋಟ್‌ಬುಕ್ ನೋಡಿ, ‘ಯೂದಾನೂ ಮೂವತ್ತು ಬೆಳ್ಳಿ ನಾಣ್ಯ ವಾಪಸ್ ಕೊಟ್ಟಿದ್ದ’ ಅಂದರು. ಅದು ನನಗೆ ಹೊಳೆದೇ ಇರಲಿಲ್ಲ. ಮತ್ತಾಯನ ಸುವಾರ್ತೆಯ 27ನೇ ಅಧ್ಯಾಯ. ಯೇಸುವನ್ನು ಹಿಡಿದುಕೊಟ್ಟ ಯೂದ ಪರಿತಪಿಸಿದ, ‘ನಿರಪರಾಧಿಯನ್ನು ಹಿಡಿದುಕೊಟ್ಟು ಪಾಪ ಮಾಡಿದೆ’ ಅಂತ ಬಾಯಿಬಿಟ್ಟು ಹೇಳಿದ, ದುಡ್ಡನ್ನೂ ಎಸೆದ. ಆದರೆ ಯಾರಿಗೆ ದ್ರೋಹ ಮಾಡಿದನೋ ಅವನ ಕಡೆಗೆ ಮುಖ ತಿರುಗಿಸಲಿಲ್ಲ. ಇನ್ನೊಬ್ಬ ಶಿಷ್ಯ ಪೇತ್ರನೂ ಯೇಸು ಸೆರೆಯಾದ ರಾತ್ರಿ ಅವನನ್ನು ಅರಿಯೆನೆಂದು ಮೂರು ಸಲ ಹೇಳಿದವನು. ಅವನು ಅತ್ತ, ಆಮೇಲೆ ಸಮುದ್ರದ ದಡದಲ್ಲಿ ಯೇಸುವಿನ ಎದುರು ಕೂತ. ಯೋಹಾನನ ಸುವಾರ್ತೆಯಲ್ಲಿ ಪೇತ್ರ ಚಳಿ ಕಾಯಿಸುತ್ತಾ ಸುಳ್ಳು ಹೇಳಿದ್ದು ಇದ್ದಲ ಬೆಂಕಿಯ ಹತ್ತಿರ, ಯೇಸು ಅವನಿಗಾಗಿ ಮೀನು ಸುಟ್ಟಿಟ್ಟದ್ದೂ ಇದ್ದಲ ಬೆಂಕಿಯ ಮೇಲೆ. ಗ್ರೀಕಿನ ಆ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಆ ಎರಡೇ ಕಡೆ ಎಂದು ಅಯ್ಯನವರು ಹೇಳಿದರು. ‘ಅದೇ ವಾಸನಿಗೆ ವಾಪಸ್ ಕರಕೊಂಡು ಬಂದು ಕೇಳ್ತಾನ್ರಿ ಅವ.’ ನನಗೆ ತಗಡಿನ ವಾಸನೆ ಬಂತು. ಚಿಲ್ಲರೆ, ಒರೆಸುವ ಬಟ್ಟೆ, ಸೋಂಪು.

ನಮ್ಮಲ್ಲಿ ಎರಡು ಪದಗಳು ಹೇಗೋ ಬೆರೆತುಹೋಗಿವೆ, ಪಶ್ಚಾತ್ತಾಪ ಮತ್ತು ಪ್ರಾಯಶ್ಚಿತ್ತ. ನಾನು ಕೊಡುವ ದುಡ್ಡು ಪ್ರಾಯಶ್ಚಿತ್ತವಲ್ಲ. ಅದು ಶಿಲುಬೆಯಲ್ಲಿ ಆಗಿದೆ, ಅದಕ್ಕೆ ನನ್ನ 36,400 ಕೂಡಿಸಬೇಕಿಲ್ಲ. ಹಾಗಾದರೆ ಕೊಡುವುದು ಯಾಕೆ? ಅದು ಅವನದು, ಅದಕ್ಕೆ. ನಮ್ಮ ಹಿರಿಯರು ಬಳಸುತ್ತಿದ್ದ ‘ಮಾನಸಾಂತರ’, ಅಂದರೆ ಮನಸ್ಸು ಬದಲಾಗುವುದು, ನನಗೆ ಹೆಚ್ಚು ಸರಿ ಎನಿಸುತ್ತದೆ. ‘ಪಶ್ಚಾತ್ತಾಪ’ ಎಂದರೆ ಆಮೇಲಿನ ಬೇಗೆ, ಬೇಗೆ ಆರುತ್ತದೆ. ನನ್ನದು 2003ರಲ್ಲಿ ಎರಡು ವಾರದಲ್ಲಿ ಆರಿತ್ತು. ಹೀಬ್ರೂ ಭಾಷೆಯ ಮಾತಿನ ಅರ್ಥ ಇನ್ನೂ ಸೀದಾ: ಹಿಂತಿರುಗು. ಕಾಲಿನ ಕೆಲಸ ಅದು. ಪಕ್ಕದ ಮನೆಯ ಕೊಂಕಣಿ ಕಥೋಲಿಕರಿಗೆ ಇದನ್ನು ಒಮ್ಮೆ ಹೇಳಿದಾಗ, ‘ನಮ್ಮಲ್ಲಿ ಪಾದ್ರಿ ಹತ್ತಿರ ಪಾಪನಿವೇದನೆ ಮಾಡಿದರೂ ಕದ್ದ ಮಾಲು ಹಿಂದೆ ಕೊಡಲೇಬೇಕು ಮಾರಾಯ್ರೆ, ಅದರಲ್ಲಿ ರಿಯಾಯಿತಿ ಇಲ್ಲ’ ಎಂದು ನಕ್ಕರು.

ಹೆಂಡತಿಗೆ ಹೇಳುವುದು ಅಯ್ಯನವರಿಗೆ ಹೇಳಿದಷ್ಟು ಸುಲಭವಾಗಿರಲಿಲ್ಲ. ಅವಳು ಪೂರ್ತಿ ಕೇಳಿದಳು. ನಡುವೆ ಒಂದೂ ಮಾತಿಲ್ಲ. ಕೊನೆಗೆ ಕೇಳಿದ್ದು ಒಂದೇ: ‘ನನ್ನ ಹೊಲಿಗೆ ಮೆಷಿನ್?’ 1996ರ ಮಾರ್ಚ್‌ನಲ್ಲಿ ತಂದುಕೊಟ್ಟದ್ದು, ‘ಬೋನಸ್ ಬಂತು’ ಅಂತ ಹೇಳಿ. ಅದರಲ್ಲಿ ರವಿಕೆ ಹೊಲಿದು ಅವಳು ಎರಡು ಮಕ್ಕಳ ಶಾಲೆಯ ಫೀಸು ಕಟ್ಟಿದ್ದಳು. ತಲೆ ಆಡಿಸಿದೆ. ‘ಇಪ್ಪತ್ತೆರಡು ವರ್ಷ ನನ್ನ ಕಾಲಿಂದ ತುಳಿಸಿದಿರಲ್ಲ ಅದನ್ನು’ ಎಂದು ಎದ್ದುಹೋದಳು. ಮೆಷಿನ್ನಿನ ಮೇಲೆ ಹಳೇ ಬೆಡ್‌ಶೀಟ್ ಮುಚ್ಚಿದಳು. ನಾಲ್ಕು ತಿಂಗಳು ಅದು ಹಾಗೇ ಇತ್ತು, ನಾವಿಬ್ಬರೂ ಅದರ ಪಕ್ಕದಲ್ಲೇ ಓಡಾಡುತ್ತಿದ್ದೆವು.

ಹೋಟೆಲ್ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಧಣಿಗಳು ಠಾಣೆಯಲ್ಲಿ ಮಗನ ಮನೆಯಲ್ಲಿದ್ದರು, ಎಂಬತ್ತು ದಾಟಿತ್ತು, ನೆನಪು ಚೂರಿಯ ಹಾಗೆ. ನಾನು ಹೇಳಿ ಮುಗಿಸುವ ಮೊದಲೇ ಕೈ ಎತ್ತಿದರು.

‘ಅದು ನನಗೆ ಗೊತ್ತಿತ್ತು ಮಾರಾಯ.’

‘ಗೊತ್ತಿತ್ತಾ?’

‘ಗಲ್ಲಾಕ್ಕೆ ಕೈ ಹಾಕಲಿಲ್ಲವಲ್ಲ ನೀನು. ಗಲ್ಲಾ ಸರಿಯಿದ್ದ ಮೆನೇಜರ್ ಸಿಗುವುದು ಕಷ್ಟ.’

‘ಆ ಮಾಣಿ?’

‘ಹುಡುಗರು ಗಲಾಟೆ ಮಾಡುತ್ತಿದ್ದರು. ಒಬ್ಬನನ್ನು ಕಳಿಸಲೇಬೇಕಿತ್ತು.’

ಚಹಾ ಬಂತು, ಕುಡಿದೆ. ಲಿಫ್ಟಿನಲ್ಲಿ ಇಳಿಯುವಾಗ ಮನಸ್ಸಿಗೆ ಎಂಥ ಹಾಯೆನಿಸಿತು ಗೊತ್ತೇ? ಅರ್ಧ ಪಾಪ ಅವರದಾಯಿತಲ್ಲ ಅಂತ. ರಿಕ್ಷಾದಲ್ಲಿ ಸ್ಟೇಷನ್ ತಲುಪುವವರೆಗೂ ಆ ಅರ್ಧವನ್ನು ಅವರ ತಲೆಗೆ ಕಟ್ಟುತ್ತಲೇ ಇದ್ದೆ. ಟಿಕೆಟ್ ಕಿಟಕಿಯ ಎದುರು ನಿಂತಾಗ ಹೊಳೆಯಿತು: ಮತ್ತೆ ಭಾಗಾಕಾರ.

ಹಳೆಯ ಹುಡುಗರಲ್ಲಿ ಆರು ಮಂದಿಯನ್ನು ಪತ್ತೆ ಹಚ್ಚಿದೆ. ಹೋಟೆಲಿನವರದ್ದು ಒಂದು ಬಳಗ, ಒಬ್ಬನಿಂದ ಒಬ್ಬನ ನಂಬರ್ ಸಿಗುತ್ತದೆ. ಒಬ್ಬ ನಕ್ಕು ದುಡ್ಡು ಇಸಿದುಕೊಂಡ. ಒಬ್ಬ ಫೋನಿನಲ್ಲೇ ಬೈದ, ದುಡ್ಡು ಮಾತ್ರ ಬೇಡ ಅಂದ. ಒಬ್ಬ ತೀರಿಕೊಂಡಿದ್ದ, ಅವನ ಹೆಂಡತಿ ಇಸಿದುಕೊಂಡರು. ಇನ್ನೊಬ್ಬ ‘ನಮ್ಮೂರ ದೇವಸ್ಥಾನದ ಹುಂಡಿಗೆ ಹಾಕಿ’ ಅಂದಾಗ ನನ್ನೊಳಗಿನ ಪ್ರೊಟೆಸ್ಟಂಟ್ ಒಂದು ಕ್ಷಣ ಹಿಂದೇಟು ಹಾಕಿದ. ದುಡ್ಡು ಅವನದು, ಹಾಕುವವನು ಅವನೇ, ನಾನು ಯಾರು ಕೇಳಲಿಕ್ಕೆ? ಅವನ ಕೈಗೆ ಕೊಟ್ಟೆ. ಉಳಿದಿಬ್ಬರಿಗೆ ಡಬ್ಬಿಯ ನೆನಪೇ ಇರಲಿಲ್ಲ. ಮಿಕ್ಕವರ ಪಾಲು ಈಗಲೂ ಬೇರೆ ಖಾತೆಯಲ್ಲಿದೆ.

ಮಾಣಿಯ ಸುಳಿವು ಕೊಟ್ಟದ್ದು ಬೈದವನೇ.

ನವೆಂಬರ್‌ನಲ್ಲಿ ಕುರ್ಲಾ ಟರ್ಮಿನಸ್‌ನಿಂದ ಮತ್ಸ್ಯಗಂಧ ಹತ್ತಿದೆ. ಮಧ್ಯಾಹ್ನ ಹೊರಟ ಗಾಡಿ ಬೆಳಗಿನ ಜಾವ ಕುಂದಾಪುರ ಮುಟ್ಟುತ್ತದೆ. ಅಯ್ಯನವರು ಎರಡು ಮಾತು ಹೇಳಿ ಕಳಿಸಿದ್ದರು. ಕ್ಷಮಿಸು ಅಂತ ಕೇಳಬಹುದು, ಕ್ಷಮಿಸಲೇಬೇಕು ಅನ್ನುವ ಹಾಗೆ ಕೇಳಬಾರದು. ಅವನಿಗಾದ ನಷ್ಟ ಎಷ್ಟು ಅಂತ ನೀವು ತೀರ್ಮಾನಿಸಬಾರದು. ಗಾಡಿಯಲ್ಲಿ ಕೂತು, ಯೇಸು ಹೇಳಿದ ಕತೆಯಲ್ಲಿ ದೂರದೇಶಕ್ಕೆ ಹೋಗಿ ಕೆಟ್ಟು ತಂದೆಯ ಕಡೆಗೆ ಹೊರಟ ಮಗನ ಹಾಗೆ, ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ರತ್ನಾಗಿರಿ ದಾಟುವಷ್ಟರಲ್ಲಿ ಅದು ಒಳ್ಳೆ ಸಾಕ್ಷಿ ಭಾಷಣವೇ ಆಗಿಬಿಟ್ಟಿತ್ತು. ಗಾಬರಿಯಾಗಿ ಬಿಟ್ಟುಬಿಟ್ಟೆ.

ಊರಿನ ಬಸ್‌ಸ್ಟ್ಯಾಂಡಿನ ಪಕ್ಕ ಅವನದೊಂದು ಸಣ್ಣ ಕ್ಯಾಂಟೀನ್. ನಾಲ್ಕು ಮೇಜು. ತಲೆ ಅರ್ಧ ನರೆತಿತ್ತು, ಆದರೆ ಮೇಜು ಒರೆಸುವ ಕೈಯ ಬೀಸು ಅದೇ: ಆ ಕಡೆಯಿಂದ ಈ ಕಡೆಗೆ ಒಂದೇ ಎಳೆತ, ಕೊನೆಯಲ್ಲಿ ಅಂಗೈಗೆ ಚೂರುಗಳನ್ನು ಬೀಳಿಸಿಕೊಳ್ಳುವುದು. ನೋಡಿದ ಕೂಡಲೇ ಗುರುತು ಹಿಡಿದ.

‘ಮೆನೇಜರ್ರಾ? ಬನಿ, ಕೂಕಣಿ.’

ಹೇಳಿದೆ. ಐದಾರು ವಾಕ್ಯ. ಡಬ್ಬಿಯಿಂದ ತೆಗೆದದ್ದು ನಾನು. ನಿನ್ನ ಟ್ರಂಕ್ ತೆಗೆಸುವಾಗಲೂ ನನಗೆ ಗೊತ್ತಿತ್ತು. ಅವನು ಬಟ್ಟೆ ಹಿಂಡಿ ಸರಳಿಗೆ ಹಾಕಿದ. ಚಹಾ ಕೊಡಲಿಲ್ಲ. ತುಸು ಹೊತ್ತಿನ ಮೇಲೆ ಹೇಳತೊಡಗಿದ, ನನ್ನನ್ನು ನೋಡದೆ. ಮುಂಬಯಿಯಲ್ಲಿ ಸುದ್ದಿ ಅವನಿಗಿಂತ ಮೊದಲು ಎಲ್ಲ ಹೋಟೆಲಿಗೂ ಮುಟ್ಟಿತ್ತು. ಪುಣೆಗೆ ಹೋದ, ಅಲ್ಲಿಗೂ ಮುಟ್ಟಿತು. ಊರಿಗೆ ಬಂದ. ಎಸ್ಸೆಸ್ಸಿ ಅಲ್ಲಿಗೇ ನಿಂತಿತು. ಅಪ್ಪಯ್ಯ ಮಾತು ಬಿಟ್ಟರು. ಮಗ ಕದ್ದಿದ್ದಾನೆ ಅಂತಲೇ ನಂಬಿಕೊಂಡು 2009ರಲ್ಲಿ ತೀರಿಕೊಂಡರು.

ನಾನು ಲಕೋಟೆ ತೆಗೆದೆ. ಆ ಕ್ಷಣದಲ್ಲಿ ಅಷ್ಟು ನಾಚಿಕೆಗೇಡಿನ ವಸ್ತು ಬೇರೊಂದಿರಲಿಲ್ಲ. ಆದರೂ ತೆಗೆದಾಗಿತ್ತು.

‘ದುಡ್ಡ್ ಬ್ಯಾಡ’ ಅಂದ. ‘ಮನಿಗ್ ಬನಿ. ಅಬ್ಬಿ ಹತ್ರ ಹೇಳಿ.’

ಮನೆ ಹತ್ತು ನಿಮಿಷದ ದಾರಿ, ಗದ್ದೆ ಅಂಚಿನಲ್ಲಿ ಅವನು ಮುಂದೆ, ನಾನು ಹಿಂದೆ. ಅವನ ತಾಯಿ ಜಗಲಿಯಲ್ಲಿ ಕೂತು ತೆಂಗಿನ ಗರಿಯಿಂದ ಹಿಡಿಕಡ್ಡಿ ಸುಲಿಯುತ್ತಿದ್ದರು. ನಾನು ಕೆಳಗೆ ಕೂತು ಮೆತ್ತಗೆ ಶುರುಮಾಡಿದೆ. ‘ಎಂತ?’ ಅಂದರು. ಮತ್ತೊಮ್ಮೆ ಹೇಳಿದೆ. ‘ಎಂತ ಅಂಬ್ರ್?’ ಎಂದು ಮಗನ ಕಡೆ ನೋಡಿದರು. ಅವನು ಕಂಬಕ್ಕೆ ಒರಗಿ ನಿಂತಿದ್ದ. ‘ಕೆಮಿ ಕೇಂತಿಲ್ಲ. ಜೋರಾಯ್ ಹೇಳಿ’ ಅಂದ. ಅವನು ಹೇಳಿಕೊಡಲಿಲ್ಲ, ನಾನೇ ಹೇಳಬೇಕಿತ್ತು.

ಮೆತ್ತಗೆ ಮಾತಾಡುವುದರಲ್ಲೇ ಬದುಕಿದ ಮನುಷ್ಯ ನಾನು. ಅವತ್ತು ಕೂಗಿದೆ. ‘ದುಡ್ಡು ಕದ್ದದ್ದು ನಾನು! ನಿಮ್ಮ ಮಗ ಅಲ್ಲ!’ ಪಕ್ಕದ ಮನೆಯ ಹೆಂಗಸು ಬಟ್ಟೆ ಒಗೆಯುವುದನ್ನು ನಿಲ್ಲಿಸಿ ನೋಡಿದಳು. ನಾಯಿ ಬೊಗಳಿತು. ಅವರಿಗೆ ಅರ್ಧ ಕೇಳಿತು, ‘ಮಗ ಕದ್ದದ್ದು’ ಎಂಬಷ್ಟೇ ಕೇಳಿತೋ ಏನೋ, ಮುಖ ಬಿಗಿಯಿತು. ಎದ್ದು ಅವರ ಕಿವಿಯ ಹತ್ತಿರ ಬಾಗಿ ಮೂರನೇ ಸಲ ಕೂಗಿದೆ. ಈ ಸಲ ಬೆರಳನ್ನು ನನ್ನ ಎದೆಗೆ ಮುಟ್ಟಿಸಿ ತೋರಿಸಿದೆ. ‘ನಾನು. ನಾನು.’

ಅವರು ಕೈಯ ಗರಿ ಕೆಳಗಿಟ್ಟರು. ನನ್ನನ್ನು ನೋಡಿದರು, ಮಗನನ್ನು ನೋಡಿದರು. ಬಹಳ ಹೊತ್ತಿನ ಮೇಲೆ ಅಂದರು:

‘ಇದ್ ಅವ್ನ್ ಅಪ್ಪಯ್ಯಂಗ್ ಹೇಳ್ಕಿತ್ತ್.’

ಅದಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ ಲೆಕ್ಕವಿಲ್ಲ. ಐದರಲ್ಲಿ ಒಂದು ಪಾಲೂ ಇಲ್ಲ, ನಾಲ್ಕರಷ್ಟೂ ಇಲ್ಲ.

ಬಸ್ಸಿಗೆ ಬಿಡಲು ಅವನು ಬಂದ. ಕ್ಷಮೆ ಕೇಳಿದೆ. ‘ಮಾಪ್ ಮಾಡ್ದೆ ಅಂದೇಳಿ ನಾನ್ ಹೇಳುದಿಲ್ಲ’ ಅಂದ. ಸಿಟ್ಟಿನಿಂದ ಹೇಳಿದ್ದಲ್ಲ, ಚಿಲ್ಲರೆ ಇಲ್ಲ ಅನ್ನುವ ಹಾಗೆ ಹೇಳಿದ. ಆಮೇಲೆ ಒಂದು ಮಾತು ಕೇಳಿಕೊಂಡ: ಅವನ ಹೆಸರನ್ನು ನಮ್ಮ ಸಭೆಯಲ್ಲಿ, ಪ್ರಾರ್ಥನೆಯಲ್ಲಿ ಕೂಡ, ಗಟ್ಟಿಯಾಗಿ ಹೇಳಬಾರದು. ಅದಕ್ಕೇ ಇಲ್ಲೂ ಬರೆದಿಲ್ಲ.

ಹಿಂದಿರುಗಿದ ಮೇಲೆ ಹಿರಿಯನ ಜಾಗ ಬಿಟ್ಟೆ. ಕಾರಣ ಕೇಳಿದವರಿಗೆ ‘ದುಡ್ಡಿನ ವಿಷಯದಲ್ಲಿ ನಾನು ನಂಬಿಕೆಗೆ ಅರ್ಹನಲ್ಲ’ ಅಂದೆ. ವಿನಯ ಅಂದುಕೊಂಡು ಇಬ್ಬರು ಹೊಗಳಿದರು, ಆಗ ತಿದ್ದಬೇಕಾಯಿತು. ನಮ್ಮ ಸೊಸೈಟಿಯಲ್ಲಿ ಈಗಲೂ ಮೇಂಟೆನೆನ್ಸ್ ಲೆಕ್ಕ ಬರೆದುಕೊಡುತ್ತೇನೆ, ನಗದು ಮಾತ್ರ ಒಬ್ಬನೇ ಎಣಿಸುವುದಿಲ್ಲ. ಸುಂಕದವರು ಬಂದು ‘ನಾವೇನು ಮಾಡಬೇಕು’ ಅಂತ ಕೇಳಿದಾಗ ಸ್ನಾನಿಕನಾದ ಯೋಹಾನ ಉಪವಾಸ ಮಾಡಿ ಅನ್ನಲಿಲ್ಲ, ಗೊತ್ತು ಮಾಡಿದ್ದಕ್ಕಿಂತ ಹೆಚ್ಚು ಎತ್ತಬೇಡಿ ಅಂದ. ನನಗೆ ಹೇಳಿದ್ದಿದ್ದರೆ, ಕಿಟಕಿ ತೆರೆದಿಟ್ಟು ಎಣಿಸು ಅನ್ನುತ್ತಿದ್ದನೇನೋ. ಈಗಲೂ ಸಣ್ಣ ಸುಳ್ಳುಗಳು ಬಾಯಿಗೆ ತಟ್ಟನೆ ಬರುತ್ತವೆ, ‘ಟ್ರಾಫಿಕ್ ಇತ್ತು’, ‘ಮೆಸೇಜ್ ನೋಡಲಿಲ್ಲ’ ಎಂಬಂಥವು. ಪ್ರೊಟೆಸ್ಟಂಟ್ ಪಂಥಕ್ಕೆ ಮೊದಲು ಹಾಕಿದ ಮಾರ್ಟಿನ್ ಲೂಥರ್ 1517ರಲ್ಲಿ ಬರೆದ 95 ಮಾತುಗಳಲ್ಲಿ ಮೊದಲನೆಯದೇ ವಿಶ್ವಾಸಿಯ ಬದುಕೆಲ್ಲ ಮಾನಸಾಂತರವಾಗಿರಬೇಕು ಅನ್ನುತ್ತದೆ. ಚಿಕ್ಕಂದಿನಲ್ಲಿ ಅದನ್ನು ಕೇಳಿ, ಬದುಕೆಲ್ಲ ಅಳುತ್ತಾ ಕೂರಬೇಕೇ ಅಂದುಕೊಂಡಿದ್ದೆ.

ಮೆಷಿನ್ನಿನ ಬೆಡ್‌ಶೀಟ್ ಒಂದು ದಿನ ತಾನಾಗಿ ಹೋಗಿತ್ತು. ಯಾಕೆ ಅಂತ ನಾನು ಕೇಳಲಿಲ್ಲ. ಹೊಲಿದ ದುಡ್ಡನ್ನು ಅವಳು ಬೇರೆ ಇಡುತ್ತಾಳೆ, ಯಾವುದಕ್ಕೆ ಅಂತ ಅವಳೂ ಹೇಳಲಿಲ್ಲ.

ಲಕೋಟೆ ನನ್ನ ಹತ್ತಿರವೇ ಇತ್ತು. 2019ರ ಜೂನ್‌ನಲ್ಲಿ ಅವನ ಫೋನ್ ಬಂತು. ಕುಶಲ ಗಿಶಲ ಏನಿಲ್ಲ. ಮಗಳು ಬಿಕಾಂ ಸೇರುತ್ತಿದ್ದಾಳೆ, ಕಾಲೇಜಿನ ಫೀಸು, ಸುಮಾರು ಹದಿನೆಂಟು ಆಗಬಹುದು. ‘ನೀವ್ ಕೊಡ್ತೆ ಅಂದದ್ದ್ ಇತ್ತಲೆ’ ಅಂದ. ನಾನು ಒಂದೇ ಸಲ ಕೊಟ್ಟು ಕೈ ತೊಳೆದುಕೊಳ್ಳಬೇಕೆಂದಿದ್ದ ಸಾಲವನ್ನು ಅವನು ತನಗೆ ಬೇಕಾದ ಹೊತ್ತಿಗೆ, ತನಗೆ ಬೇಕಾದ ಹಾಗೆ ಎಳೆದುಕೊಂಡ. ಹೆಂಡತಿ ನನಗಿಂತ ಮೊದಲು ಬೀರು ತೆಗೆದಳು. ಆ ಸಂಜೆಯೇ 18,000 ಅವನ ಖಾತೆಗೆ ಹಾಕಿದೆ.

ನಾಲ್ಕು ದಿನ ಬಿಟ್ಟು ವಾಟ್ಸಾಪಿನಲ್ಲಿ ಕಾಲೇಜಿನ ರಸೀದಿಯ ಫೋಟೊ ಬಂತು. 17,650. ಅದರ ಹಿಂದೆಯೇ ಬ್ಯಾಂಕಿನ ಮೆಸೇಜ್, ನನ್ನ ಖಾತೆಗೆ 350 ರೂಪಾಯಿ ಜಮಾ. ಕೆಳಗೆ ಅವನು ಬರೆದದ್ದು ಎರಡೇ ಪದ: ‘ಉಳಿದದ್ದು ವಾಪಸ್.’